ಕುದಿಸಿದ ಬ್ರಷ್ಷು

ದಾಡಿ ಮಾಡಿಕೊಳ್ಳಲು ಹೊಸದಾಗಿ ಕಲಿಯುವವರು ದುಬಾರಿ ಬ್ರಷ್ಷು ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ, ಇಳಕಲ್ಲಿನ ನನ್ನ ಸೀರೆ ಅಂಗಡಿಯಲ್ಲಿ ಕೂರಿಸಿಕೊಂಡು, ಚಹಾ ತರಿಸಿ, ಬೇಡ ಎನ್ನುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಈ ಬುದ್ಧಿ ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಬಂತು, ಅದೂ ಒಂದು ಪಂಥದ ನಂತರ.

ಅಲ್ಲಿಯವರೆಗೆ ನನ್ನ ಗಲ್ಲಕ್ಕೆ ನಾನೇ ಬ್ಲೇಡು ಮುಟ್ಟಿಸಿದವನಲ್ಲ. ಗುಳೇದಗುಡ್ಡದ ನೇಕಾರರ ಮನೆಯಿಂದ ಸೀರೆಗಂಟು ಹೊತ್ತು ಹೊರಟು, ಹುನಗುಂದ, ಬಾದಾಮಿಗಳ ಓಣಿಓಣಿ ತಿರುಗಿ ಅಂಗಡಿ ಹಾಕಿದವನು ನಾನು; ಹೇಳಿದ ಬೆಲೆಗೆ ಒಂದು ಸಿವುಡು ಕೊತ್ತಂಬರಿಯನ್ನೂ ಕೊಂಡಿಲ್ಲ. ದಾಡಿಗೆ ಮಾತ್ರ ಇಪ್ಪತ್ತು ವರ್ಷದಿಂದ ಬಸ್ ನಿಲ್ದಾಣದ ಹಿಂದಿನ ಅದೇ ಕ್ಷೌರದಂಗಡಿ, ಅದೇ ಕುರ್ಚಿ. ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಎಷ್ಟು ಸೀರೆ ಬೇಕಾದೀತು ಎಂಬುದೆಲ್ಲ ನೊರೆ ಹಚ್ಚುವಷ್ಟರಲ್ಲಿ ಅಲ್ಲಿ ತಿಳಿಯುತ್ತಿತ್ತು.

ಒಂದು ದಿನ ಕ್ಷೌರಿಕ ದರವನ್ನು ಐವತ್ತರಿಂದ ಅರವತ್ತಕ್ಕೆ ಏರಿಸಿದ. ನಾನು ಐವತ್ತೈದು ಎಂದೆ. ಎರಡು ದವಡೆಹಲ್ಲು ಕೀಳಿಸಿದ ಮೇಲೆ ನನ್ನ ಗಲ್ಲ ಒಳಗೆ ಹೋಗಿದೆ, ನಿನಗೆ ಕೆಲಸ ಕಡಿಮೆಯಾಗಿದೆ ಎಂದು ಲೆಕ್ಕ ಕೊಟ್ಟೆ.

"ತಗ್ಗು ಬಿದ್ದ ಹೊಲಾ ಹರಗೂದು ಇನ್ನೂ ತ್ರಾಸ ರೀ ಸಾವಕಾರ್ರ," ಎಂದ ಅವನು. "ಇಷ್ಟು ಚೌಕಾಶಿ ಮಾಡೂದಿದ್ರ ಮನ್ಯಾಗ ನೀವ ಮಾಡ್ಕೋರಿ. ಒಂದ್ ತಿಂಗಳಾದ ಮ್ಯಾಲೆ ಆ ಮಾರಿ ನಾ ನೋಡ್ತೇನಿ."

ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ಅಲ್ಲಿಯೇ ಪಂಥ ಕಟ್ಟಿದೆ. ತಿಂಗಳ ನಂತರ ನನ್ನ ಗಲ್ಲದ ಮೇಲೆ ಸೆರಗಿನ ರೇಷ್ಮೆ ಎಳೆಯಬೇಕು. ಎಲ್ಲಿಯೂ ಸಿಕ್ಕದೆ ಜಾರಿದರೆ ನನಗೆ ಕೊನೆಯವರೆಗೂ ಹಳೆಯ ದರ. ಸಿಕ್ಕಿತೋ, ಅವನೊಡನೆ ನಾನು ಮತ್ತೆಂದೂ ಚೌಕಾಶಿ ಮಾಡಕೂಡದು. ಹತ್ತು ರೂಪಾಯಿ ಹೋದರೆ ಹೋಗಲಿ, ಬಾಯಿ ಮುಚ್ಚಿಕೊಂಡು ಹಣ ಕೊಡುವುದು ಮಾತ್ರ ನನ್ನಿಂದಾಗದ ಕೆಲಸ.

ಹೀಗಾಗಿ ಬಾಗಲಕೋಟೆಯ ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ಇದ್ದುದರಲ್ಲೇ ತುಟ್ಟಿಯಾದ ಬ್ರಷ್ಷು ಹಿಡಿದೆ. ಬ್ಯಾಜರ್ ಕೂದಲಿನದು ಎಂದರು. ಬ್ಯಾಜರ್ ಅಂದರೆ ಏನು ಎಂದು ನಾನು ಕೇಳಲಿಲ್ಲ; ಬೆಲೆ ಇಳಿಸುವ ಗಡಿಬಿಡಿಯಲ್ಲಿದ್ದೆ. ಎರಡು ಸಾವಿರದ ಎಂಟುನೂರಿನಿಂದ ಹದಿನಾರುನೂರಕ್ಕೆ ಇಳಿಸಿ ಗೆದ್ದವನಂತೆ ಹೊರಬಂದೆ. ಇಲ್ಲೊಂದು ಮಾತು ನೆನಪಿಡಿ: ಚೌಕಾಶಿಯ ಭರದಲ್ಲಿ ಮನುಷ್ಯ ಬೆಲೆಯೊಂದನ್ನೇ ನೋಡುತ್ತಾನೆ, ಈ ಸಾಮಾನು ನನಗೆ ಬೇಕೇ ಎಂದು ಕೇಳಿಕೊಳ್ಳುವುದಿಲ್ಲ.

ನಮ್ಮ ಮಗ್ಗದ ಮನೆಗಳಲ್ಲಿ ಹಾಸಿನ ನೂಲಿಗೆ ಗಂಜಿ ಸವರಲು ಮೊಳದುದ್ದದ ಕುಂಚ ಇರುತ್ತದೆ. ಹೊಸ ಕುಂಚ ಬಂದರೆ ಅಪ್ಪ ಅದನ್ನು ಕುದಿನೀರಿಗೆ ಹಾಕಿ ಮುಚ್ಚಿಡುತ್ತಿದ್ದ; ಎಳೆ ಮೆತ್ತಗಾಗುತ್ತಿತ್ತು. ಆ ವಿದ್ಯೆಯನ್ನೇ ನಾನೂ ಬಳಸಿದೆ. ಹದಿನಾರುನೂರರ ಬ್ರಷ್ಷನ್ನು ಬೇಳೆ ಬೇಯಿಸುವ ಪಾತೇಲಿಗೆ ಹಾಕಿ ಒಲೆ ಹೊತ್ತಿಸಿದೆ. ಸ್ವಲ್ಪ ಹೊತ್ತಿಗೆ ಮಳೆಯಲ್ಲಿ ತೊಯ್ದ ಮೇಕೆಯ ವಾಸನೆ ಮನೆ ತುಂಬಿತು. ಹೆಂಡತಿ ಬಂದು ಮುಚ್ಚಳ ಎತ್ತಿ ನೋಡಿ, ಇದು ಯಾವ ಪ್ರಾಣಿಯ ಕೂದಲು ಎಂದು ಕೇಳಿದಳು. ಫೋನಿನಲ್ಲಿ ಹುಡುಕಿ, ಮೋರೆಯ ಮೇಲೆ ಕಪ್ಪುಬಿಳಿ ಪಟ್ಟೆಯಿರುವ, ಬಿಲ ತೋಡುವ ಆ ಪ್ರಾಣಿಯ ಚಿತ್ರವನ್ನೇ ತೋರಿಸಿದೆ. ತೋರಿಸಬಾರದಿತ್ತು. ತತ್ತಿಯೂ ದಾಟದ ಹೊಸ್ತಿಲು ನಮ್ಮದು.

"ಆ ಪಾತೇಲಿ ಇನ್ನ ನನ್ನ ಅಡಗಿಮನಿಗಿ ಬರಬಾರದು," ಎಂದಳು. "ನೀವ ಇಟ್ಕೋರಿ. ದಾಡಿ ನೀರಿಗಿ ಆಕ್ಕೈತಿ."

ಮರುದಿನ ಮುಂಜಾನೆ ಕನ್ನಡಿಯ ಮುಂದೆ ನಿಂತು ನೊರೆ ಹಚ್ಚತೊಡಗಿದೆ. ಕುದಿನೀರಿಗೆ ಬ್ರಷ್ಷಿನ ಅಂಟು ಬಿಟ್ಟಿತ್ತು. ಕೂದಲೆಲ್ಲ ಕಂತೆಕಂತೆಯಾಗಿ ಬಂದು ಗಲ್ಲಕ್ಕೆ ಮೆತ್ತಿಕೊಂಡಿತು. ದಾಡಿ ತೆಗೆಯಲು ಹೋದವನಿಗೆ ಎರಡು ಬಣ್ಣದ ಗಡ್ಡ ಬಂದಿತ್ತು. ಹೆಂಡತಿ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಆ ವಾರ ಹುನಗುಂದದ ಸಂತೆಯಲ್ಲಿ ನಲವತ್ತು ಹೇಳಿದ ನೈಲಾನ್ ಬ್ರಷ್ಷನ್ನು ಮೂವತ್ತೈದಕ್ಕೆ ತಂದೆ. ನಾಲ್ಕೇ ದಿನಕ್ಕೆ ಅದು ಪಾತೇಲಿ ತುಂಬ ನೊರೆ ಎಬ್ಬಿಸಿತು. ಗಾಯಗಳು ಆಗುತ್ತಲೇ ಇದ್ದವು, ಆದರೆ ಅವು ಕೈಯ ತಪ್ಪು. ಬ್ಲೇಡು ಎಷ್ಟು ಓರೆ ಹಿಡಿಯಬೇಕು, ಎಲ್ಲಿ ಚರ್ಮ ಎಳೆಯಬೇಕು ಎಂಬುದನ್ನು ಯಾವ ಬ್ರಷ್ಷೂ ಕಲಿಸುವುದಿಲ್ಲ. ತಿಂಗಳು ತುಂಬುವಷ್ಟರಲ್ಲಿ ನನ್ನ ಗಲ್ಲವನ್ನು ನಾನೇ ಸವರಿಕೊಂಡು ಮೆಚ್ಚುವಂತಾಯಿತು.

ಕೆಂಪು ರೇಷ್ಮೆಯ ತುಂಡು ಕಿಸೆಯಲ್ಲಿಟ್ಟುಕೊಂಡು ಹೋಗಿ ಕುರ್ಚಿಯಲ್ಲಿ ಕೂತೆ. ಕ್ಷೌರಿಕ ಬಲಗಲ್ಲದ ಮೇಲೆ ಎಳೆದ, ಜಾರಿತು. ಎಡಗಲ್ಲ, ಜಾರಿತು. ಬೆಂಚಿನವರು ಎದ್ದು ಬಂದು ಬಗ್ಗಿ ನೋಡಿದರು. ದವಡೆಯ ಕೆಳಗೆ, ಕಿವಿಯ ಹತ್ತಿರ, ರೇಷ್ಮೆ ಸಣ್ಣಗೆ ಸಿಕ್ಕಿತು.

ಅವನು ನಗಲಿಲ್ಲ. ನನ್ನ ತಲೆ ವಾಲಿಸಿ ಅಲ್ಲಿ ಬೆರಳಿಟ್ಟ. "ಇಲ್ಲಿ ನಿಮ್ಮ ಕೂದಲ ಅಡ್ಡ ಬೆಳೀತೈತ್ರಿ. ಇಪ್ಪತ್ತು ವರ್ಷದಿಂದ ನನಗ ಗೊತ್ತೈತಿ. ನಿಮಗ ಹ್ಯಾಂಗ ಗೊತ್ತಾಗಬೇಕು?"

ಮತ್ತೆ ನೊರೆ ಹಚ್ಚಿದ. ಆಗ ನೋಡಿದೆ ಅವನ ಬ್ರಷ್ಷನ್ನು. ನನ್ನದೇ ಜಾತಿಯ ನೈಲಾನು, ಸೀಳಿದ ಹಿಡಿಕೆಗೆ ದಾರ ಸುತ್ತಿದ್ದ.

ಮುಗಿದ ಮೇಲೆ ಅರವತ್ತು ಎಂದ. ನಾನು ತುಟಿ ಬಿಚ್ಚದೆ ಅರವತ್ತು ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ.

"ಏನರ ಅನ್ರಿ ಸಾವಕಾರ್ರ."

ತಲೆ ಅಲ್ಲಾಡಿಸಿದೆ. ಅವನು ಟವೆಲ್ಲು ಝಾಡಿಸಿದ, ಮಡಚಿದ, ಮತ್ತೆ ಝಾಡಿಸಿದ. ಗಲ್ಲ ಒಳಗೆ ಹೋಗಿರುವುದು ಖರೆ ಎಂದು ತಾನೇ ಒಪ್ಪಿಕೊಂಡ. ಹಳೆಯ ಗಿರಾಕಿ ಎಂದ. ನಾನು ಹಿಡಿದ ಕೈ ಹಿಡಿದಂತೆಯೇ ಇತ್ತು. ಕೊನೆಗೆ ಅರವತ್ತನ್ನು ಕಸಿದುಕೊಂಡು, ಐದರ ನಾಣ್ಯವೊಂದನ್ನು ನನ್ನ ಅಂಗೈಗೆ ಒತ್ತಿದ.