ತಳ ಹಿಡಿದ ಹುರುಳಿ

ನನ್ನ ಹೆಂಡತಿ ಸೀತಾ ಒಲೆಯ ಮೇಲೆ ಇಟ್ಟದ್ದು ಯಾವತ್ತೂ ಸೀದು ಹೋದದ್ದಿಲ್ಲ. ಇದನ್ನು ಹೇಳುತ್ತಿರುವುದು ನಾನಲ್ಲ, ಅವಳೇ. ಅದೂ ಅನ್ನಪೂರ್ಣೇಶ್ವರಿ ನಗರದ ನಮ್ಮ ರಸ್ತೆಗೆಲ್ಲ ಕೇಳುವ ಹಾಗೆ. ಪಕ್ಕದ ಮನೆಯಿಂದ ಚೂರು ವಾಸನೆ ಬಂದರೂ ಸಾಕು, "ಗ್ಯಾಸ್ ಆರಿಸ್ರೀ!" ಎಂದು ಕಾಂಪೌಂಡಿನಾಚೆಗೆ ಕೂಗುತ್ತಾಳೆ. ಅವಳ ಮೊಳಕೆ ಹುರುಳಿಕಾಳಿನ ಸಾರಿಗಾಗಿ ನಾನು ಈ ಜಂಬವನ್ನೆಲ್ಲ ಸಹಿಸಿಕೊಂಡು ಬಂದಿದ್ದೇನೆ.

ಹೀಗಿರುವಾಗ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಳು ರಾಯಚೂರು ಕಡೆಯ ಗುರುದೇವಿ. ಹಳೆಯ ಕಾಲದ ಊರುಗಳನ್ನು ಅಗೆಯುವವರ ಜೊತೆ ಅವಳ ಕೆಲಸ. ಅಗೆದ ಬೂದಿಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕರಿಯಾದ ಕಾಳುಗಳು ತೇಲಿ ಬರುತ್ತವಂತೆ. ಆಗಿನವರು ಏನು ಬೆಳೆದರು, ಏನು ಉಂಡರು ಎಂಬುದು ಅದರಿಂದ ತಿಳಿಯುತ್ತದಂತೆ. ಗುರುತು ಹಿಡಿಯಲು ಈಗಿನ ಕಾಳುಗಳನ್ನೂ ಸುಟ್ಟು ಹೋಲಿಸಬೇಕು. ಹಾಗಾಗಿ ಭಾನುವಾರ ಬಂತೆಂದರೆ ತಾರಸಿಯ ಮೇಲೆ ಡಬ್ಬಿಯಲ್ಲಿ ರಾಗಿ, ಹೆಸರು, ಹುರುಳಿ ಸುಡುತ್ತಿದ್ದಳು.

ಸೀತಾಳಿಗೆ ತಡೆಯಲಾಗಲಿಲ್ಲ. "ಏನೇ ಹುಡುಗಿ, ಬೇಕೂಂತ ಸುಡ್ತೀಯಲ್ಲೇ! ತಿನ್ನೋ ಕಾಳು ಕಣೇ ಅದು!"

"ಸುಟ್ಟಿದ್ದಕ್ಕ ಉಳದಾವ್ರಿ ಆಂಟಿ. ಸುಡದಿದ್ದು ಎಲ್ಲಾ ಮಣ್ಣಾಗಿ ಹೋಗ್ಯಾವ," ಎಂದು ಗುರುದೇವಿ ನಗುತ್ತಿದ್ದಳು. ಅವಳಿಗೆ ಸಿಕ್ಕ ಸಾವಿರಾರು ವರ್ಷ ಹಳೆಯ ಹುರುಳಿಕಾಳು ಮಾತ್ರ ಒಂದು ಥರ ವಿಚಿತ್ರವಾಗಿ ಬಿರಿದಿತ್ತು. ಇವಳು ಎಷ್ಟು ಸುಟ್ಟರೂ ಹಾಗೆ ಬಿರಿಯುತ್ತಿರಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಸೀತಾ ಮೊಳಕೆ ಕಾಳು ಬೇಯಲಿಟ್ಟು ಗೇಟಿಗೆ ಹೋದಳು. ಸೊಪ್ಪಿನ ಗಾಡಿಯ ಕೊಟ್ರೇಶನ ಸಬ್ಬಸಿಗೆ ನಿನ್ನೆಯದೋ ಇವತ್ತಿನದೋ ಎಂದು ಜಗಳ ಶುರುವಾಯಿತು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ, ಭಾನುವಾರವಲ್ಲವೇ! ಸೀತಾ ಗೇಟಿನಿಂದಲೇ ತಾರಸಿಗೆ ಕೂಗಿದಳು: "ಶುರು ಮಾಡಿದ್ಯಾ ಗುರುದೇವಿ!"

ಮೇಲಿನಿಂದ ಉತ್ತರ ಬಂತು: "ನಾ ಇನ್ನಾ ಒಲಿನ ಹಚ್ಚಿಲ್ರಿ ಆಂಟಿ!"

ಅಯ್ಯೋ ದೇವರೇ! ಓಡಿಹೋಗಿ ನೋಡಿದರೆ ಪಾತ್ರೆಯ ತಳ ಇದ್ದಲಾಗಿತ್ತು. ನಾನು ನಕ್ಕುಬಿಟ್ಟೆ. ಸೀತಾ ನಗಲಿಲ್ಲ, ನೆಲದ ಮೇಲೆ ಕುಳಿತುಬಿಟ್ಟಳು.

"ನಮ್ಮಮ್ಮನ ಮರೆವು ಹೀಗೇ ಶುರುವಾಗಿದ್ದು ಕಣ್ರೀ. ಇನ್ಮೇಲೆ ನಾನು ಒಲೆ ಮುಟ್ಟಲ್ಲ."

ಕೊನೆಗೆ ನಮ್ಮತ್ತೆಗೆ ಮಗಳ ಹೆಸರೂ ನೆನಪಿರಲಿಲ್ಲ. ಸಾರು ಹಾಳಾಗಲಿ, ನನಗೆ ಭಯವಾಯಿತು. ಆ ಹೊತ್ತಿಗೆ ಇಳಿದು ಬಂದ ಗುರುದೇವಿ, "ಆ ಪಾತ್ರಿ ತಿಕ್ಕಬ್ಯಾಡ್ರಿ!" ಎಂದು ಅದನ್ನು ಎತ್ತಿಕೊಂಡು ಮೇಲೆ ಓಡಿದಳು.

ಮಧ್ಯಾಹ್ನ ಉಪ್ಪಿಟ್ಟು ನನ್ನದು. ಅದರ ವಿಚಾರ ಬೇಡ. ಸೀತಾ ಅದನ್ನೂ ತಿಂದು ತಟ್ಟೆ ತೊಳೆದಿಟ್ಟಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಂಜೆ ಗುರುದೇವಿ ಮೈಕ್ರೋಸ್ಕೋಪನ್ನೇ ತಂದು ನಮ್ಮ ಊಟದ ಮೇಜಿನ ಮೇಲಿಟ್ಟಳು. "ನೋಡ್ರಿ ಆಂಟಿ, ಎಡಕ್ಕ ಹಳೇದು, ಬಲಕ್ಕ ನಿಮ್ಮದು. ಎರಡೂ ಒಂದೇ ಥರಾ ಬಿರದಾವ. ನಾ ಇಷ್ಟ ದಿನಾ ಬರೇ ಒಣಕಾಳು ಸುಡ್ತಿದ್ದೆ. ಇನ್ನಾ ನಾಕ ಸಲ ಸುಟ್ಟು ನೋಡಬೇಕು ಖರೆ, ಆದ್ರ ಇದು ಮೊಳಕಿ ಒಡದ ಕಾಳ ಇರಬೇಕ್ರಿ."

ಸೀತಾ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಎರಡನ್ನೂ ನೋಡಿದಳು. "ಅಂದ್ರೆ ಆಗಲೂ ಒಬ್ಬಳು ಮೊಳಕೆ ಕಟ್ಟಿದ್ಲಾ?"

"ಕಟ್ಟಿರಬೇಕ್ರಿ."

"ಒಲೆ ಮೇಲಿಟ್ಟು ಮರೆತಳಾ?"

"ಮರೆತಿರಬೇಕ್ರಿ."

"ಅವಳಿಗೆ ಯಾವ ಕೊಟ್ರೇಶ ಗಂಟುಬಿದ್ದಿದ್ನೋ!" ಎಂದು ಸೀತಾ ಜೋರಾಗಿ ನಕ್ಕಳು. ನನಗೆ ಹೋದ ಜೀವ ಬಂದ ಹಾಗಾಯಿತು.

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಒಂದ್ಸಲ ಸೀದುಹೋಯ್ತು ಅಂತ ಅವಳೇನು ಒಲೆ ಬಿಟ್ಟಿರ್ತಾಳಾ? ಮನೆಯವರಿಗೆ ಯಾರು ಬೇಯಿಸಿ ಹಾಕ್ತಾರೆ, ಈ ಉಪ್ಪಿಟ್ಟಿನ ಮಹಾರಾಯರಾ?"

ಎದ್ದು ಅಡುಗೆಮನೆಗೆ ಹೋಗಿ ಹುರುಳಿಕಾಳಿನ ಡಬ್ಬಿ ತೆಗೆದಳು. ನೀರಿಗೆ ಸುರಿದ ಮೇಲೆ ಇನ್ನೊಂದು ಹಿಡಿ ಹಾಕಿದಳು.

"ಅದ್ಯಾಕೆ ಜಾಸ್ತಿ?" ಎಂದೆ.

"ಅದು ಗುರುದೇವಿಗೆ, ಸುಡಕ್ಕೆ."