‘ಮುಳುಗಡೆ’ಯ ಇಬ್ಬರು ಗೌರಮ್ಮಂದಿರು

ತಪ್ಪು ಮಾಡಿದವಳು ನಾನು. ಸಾವಿನ ಬಾಗಿಲವರೆಗೆ ಹೋಗಿ ಬಂದವರು ಗೌರಮ್ಮ. ಭಕ್ತಬಂಧುಗಳೆದುರು ಇದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷದ ಶ್ರಾವಣ. ಹೊಸನಗರ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನೊಬ್ಬಳೇ ನರ್ಸು. ಜೊತೆಯವಳು ವರ್ಗವಾಗಿ ಹೋದಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಉಟ್ಟ ಬಿಳಿಸೀರೆಯಲ್ಲೇ ಮರುದಿನವೂ ವಾರ್ಡಿನಲ್ಲಿದ್ದೆ.

ಊರು ಕಳೆದುಕೊಂಡು ಬಂದವರಿಗೆಲ್ಲ ನಮ್ಮ ರಿಜಿಸ್ಟರಿನ ಊರಿನ ಕಾಲಮ್ಮಿನಲ್ಲಿ ‘ಮುಳುಗಡೆ’ ಎಂದೇ ಬರೆಯುತ್ತಿದ್ದೆವು. ಅಂದು ವಾರ್ಡಿನಲ್ಲಿ ‘ಗೌರಮ್ಮ, ಮುಳುಗಡೆ’ ಇಬ್ಬರಿದ್ದರು. ಒಬ್ಬರಿಗೆ ಪೆನಿಸಿಲಿನ್ ಕೊಡಬೇಕಿತ್ತು. ಇನ್ನೊಬ್ಬರಿಗೆ ಅದು ಒಗ್ಗದೆಂದು ಚೀಟಿಯಲ್ಲಿತ್ತು. ಚೀಟಿ ನೋಡಬೇಕಿತ್ತು, ನೋಡಲಿಲ್ಲ. ‘ಗೌರಮ್ಮ ಯಾರು?’ ಎಂದೆ. ‘ನಾನೇ ಕಣ್ರಮ್ಮ’ ಎಂದವರಿಗೆ ಚುಚ್ಚಿದೆ.

ಕ್ಷಣದಲ್ಲಿ ಅವರ ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಉಳಿಸಬಲ್ಲ ಇಂಜೆಕ್ಷನ್ ಕಬ್ಬಿಣದ ಬೀರುವಿನಲ್ಲಿತ್ತು. ಬೀಗದ ಕೈ ಕಾಂಪೌಂಡರ ಜೇಬಿನಲ್ಲಿ, ಕಾಂಪೌಂಡರು ಸಾಗರದ ಬಸ್ಸಿನಲ್ಲಿ. ವೈದ್ಯರು ತೀರ್ಥಹಳ್ಳಿಯ ಸಭೆಯಲ್ಲಿ. ಇನ್ನೊಬ್ಬ ಗೌರಮ್ಮ ಜ್ವರದ ಮೈಯಲ್ಲೇ ಎದ್ದು ಕಲ್ಲಿನಿಂದ ಬೀಗ ಜಜ್ಜತೊಡಗಿದರು. ಅದು ಬಿಡಲಿಲ್ಲ. ‘ಚೌಡಮ್ಮಾ, ನನ್ನ ತಪ್ಪಿಗೆ ಇವರನ್ನು ಒಯ್ಯಬೇಡ’ ಎಂದಷ್ಟೇ ದೇವಿಯನ್ನು ಬೇಡಿದೆ.

ಜಗಲಿಯಲ್ಲಿ ಚಪ್ಪಲಿಯ ಸದ್ದಾಯಿತು. ‘ಬಸ್ಸು ಸ್ಟಾರ್ಟೇ ಆಗ್ಲಿಲ್ಲ ಮಾರಾಯ್ರೆ, ನನ್ ಗ್ರಾಚಾರ’ ಎನ್ನುತ್ತ ಕಾಂಪೌಂಡರು ಒಳಗೆ ಬಂದರು. ಅವರ ಗ್ರಹಚಾರ ನಮಗೆ ದೇವಿಯ ಕೃಪೆಯಾಯಿತು. ಬೀರು ತೆಗೆಸಿ ಇಂಜೆಕ್ಷನ್ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಗೌರಮ್ಮ ಗಂಜಿ ಕೇಳಿದರು.

‘ರಿಜಿಸ್ಟರಿಗೆ ಬರೀಬೇಡಿ ಸಿಸ್ಟರ್. ಬದುಕಿದ್ರಲ್ಲ, ಮತ್ತೆಂತ?’ ಎಂದರು ಕಾಂಪೌಂಡರು. ಎರಡನೆಯ ಸಲ ಪ್ರಾರ್ಥಿಸಬೇಕಾಯಿತು, ಈ ಸಲ ಧೈರ್ಯಕ್ಕಾಗಿ. ಗೌರಮ್ಮನವರ ಬಳಿ ಕುಳಿತು ನಡೆದದ್ದೆಲ್ಲ ಹೇಳಿದೆ. ಅವರೆಂದರು:

‘ಬರ್ಕಳಿ. ಬರೆಯೋದಾದ್ರೆ ನಮ್ಮೂರ್ ಹೆಸರೂ ಬರೀರಿ. ಮುಳುಗಡೆ ಅನ್ನೋದು ಊರಲ್ಲ.’

ಬರೆದೆ. ಇಬ್ಬರ ಊರನ್ನೂ, ನನ್ನ ತಪ್ಪನ್ನೂ, ಬೀಗದ ಕೈ ಎಲ್ಲಿತ್ತೆಂಬುದನ್ನೂ.

ಅಂದಿನಿಂದ ಸಹೋದ್ಯೋಗಿಗಳಾರೂ ನನ್ನೊಡನೆ ಕಾಫಿಗೆ ಕೂರುವುದಿಲ್ಲ. ಸಂಜೆ ಕ್ವಾರ್ಟರ್ಸಿನಲ್ಲಿ ದೀಪ ಹಚ್ಚಿದರೆ ಮಾತು ದೇವಿಯೊಡನೆಯೇ. ಆಕೆ ಕೇಳುತ್ತಾಳೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹ ಉಳಿದಿಲ್ಲ. ಆದರೆ ಬಸ್ಸು ಕೆಟ್ಟು ನಿಂತರಷ್ಟೇ ರೋಗಿ ಬದುಕುವಂತಹ ಆಸ್ಪತ್ರೆಯನ್ನು ನಡೆಸುವುದು ಅಧರ್ಮ.

ಆಸ್ಪತ್ರೆಗಳ ಮೇಲಧಿಕಾರಿಗಳಲ್ಲಿ ನನ್ನ ಬೇಡಿಕೆ: ಒಬ್ಬ ನರ್ಸನ್ನು ಬಿಡುವಿಲ್ಲದೆ ಎರಡು ದಿನ ದುಡಿಸಬೇಡಿ. ಜೀವ ಉಳಿಸುವ ಮದ್ದಿನ ಬೀಗದ ಕೈ ವಾರ್ಡು ಬಿಟ್ಟು ಹೋಗಕೂಡದು. ಪ್ರತಿ ಮಂಚಕ್ಕೂ ರೋಗಿಯ ಹೆಸರಿನೊಡನೆ ಅವರು ಹೇಳುವ ಊರನ್ನೇ, ಅದು ನೀರಿನಡಿಯಲ್ಲಿದ್ದರೂ, ಬರೆದು ತೂಗುಹಾಕಿ.