ಮೇಜಿನ ಮೇಲೆ ಅಪ್ಪನ ಅಂಗೈ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಪ್ಪ ಮೊದಲ ಸಲ ಮೇಜಿನ ಮೇಲೆ ಕೈಯಿಟ್ಟದ್ದು ಭಾನುವಾರ ಎಂದು ನನ್ನ ನೆನಪು. ಅಮ್ಮ ಅಲ್ಲವೇ ಅಲ್ಲ ಅನ್ನುತ್ತಾಳೆ. ಅವತ್ತು ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಸೀರೆಯನ್ನೂ ಬದಲಾಯಿಸದೆ ನುಡಿಸುತ್ತಾ ಕೂತಿದ್ದೆನಂತೆ. ಮೇಜಂತೂ ನಿಜ. ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ ಈಗಲೂ ಇದೆ, ಅದರ ಮೇಲೆ ನನ್ನ ಡಿಜಿಟಲ್ ಪಿಯಾನೊ.

ನಲವತ್ತು ದಾಟಿದ ಮೇಲೆ ಪಿಯಾನೊ ಕಲಿಯಲು ಹೊರಟವಳು ನಾನು. ನಂದಿನಿ ಲೇಔಟ್‌ನ ಮೇಷ್ಟ್ರು ನನಗಿಂತ ತುಂಬ ಚಿಕ್ಕವರು. ಒಂದು ದಿನ ಅವರು ಬೂಗಿ ವೂಗಿ ಎಂಬ ಹಳೆಯ ಅಮೆರಿಕನ್ ಶೈಲಿಯನ್ನು ನುಡಿಸಿ ತೋರಿಸಿದಾಗ ನನಗೆ ಅದೇ ಬೇಕೆನಿಸಿತು. ಎಡಗೈ ಕೆಳಗಿನ ಸ್ವರಗಳಲ್ಲಿ ಒಂದೇ ಓಟವನ್ನು ಬಿಡದೆ ಉರುಳಿಸುತ್ತಿರುತ್ತದೆ. ಬಲಗೈ ಅದರ ಮೇಲೆ ತೋಚಿದಂತೆ ಓಡಾಡುತ್ತದೆ. ಹಳೆಯ ರೆಕಾರ್ಡುಗಳಲ್ಲಿರುವುದನ್ನು ಹಾಗೆಯೇ ಒಪ್ಪಿಸುವುದು ಮೊದಲ ಪಾಠ. ಆಮೇಲೆ ಅದರೊಳಗೆ ನಮ್ಮದೊಂದಿಷ್ಟನ್ನು ಸೇರಿಸಬೇಕು.

"ರೈಟ್ ಹ್ಯಾಂಡ್ ಏನು ಬೇಕಾದ್ರೂ ಮಾಡ್ಲಿ ಮೇಡಂ, ಲೆಫ್ಟ್ ಮಾತ್ರ ಅಲ್ಲಾಡಬಾರ್ದು," ಅನ್ನುತ್ತಿದ್ದರು ಮೇಷ್ಟ್ರು.

ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ತಗಡು ಒತ್ತುವ, ಬೆಲ್ಟಿನ ಮೇಲೆ ಓಡುವ ಪವರ್ ಪ್ರೆಸ್ ಮಿಷನ್ ನಡೆಸುತ್ತಿದ್ದವರು. ಆ ಸದ್ದು ಅವರ ಕಿವಿಯನ್ನು ನಿಧಾನವಾಗಿ ತಿಂದಿದೆ. ಮೊದಲು ಹೋದದ್ದು ಸಣ್ಣ, ಚೂಪು ಸದ್ದುಗಳು: ಕಾಲಿಂಗ್ ಬೆಲ್, ಕುಕ್ಕರಿನ ವಿಷಲ್. ಹಿಯರಿಂಗ್ ಏಡ್ ಹಾಕಿದರೆ ಪಾತ್ರೆಗಳ ಗಲಾಟೆಯೇ ಜಾಸ್ತಿ ಎಂದು ಅದನ್ನು ಡಬ್ಬಿಯಲ್ಲೇ ಇಟ್ಟಿದ್ದಾರೆ. ಅಂಥವರು ಅವತ್ತು ನಾನು ನುಡಿಸುವಾಗ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಮೇಜಿನ ಮೇಲೆ ಅಂಗೈ ಚಪ್ಪಟೆಯಾಗಿ ಊರಿ, "ಹ್ಞಾಂ, ಓಡ್ತಾ ಇದೆ," ಅಂದರು.

"ನಾನು ಅಷ್ಟು ಕೂಗಿದ್ರೂ ಕೇಳಲ್ಲ. ಇವಳ ಡಬಡಬ ಮಾತ್ರ ಚೆನ್ನಾಗಿ ಕೇಳುತ್ತೆ ಇವರಿಗೆ," ಎಂದಳು ಅಮ್ಮ.

ಅಲ್ಲಿಂದ ಅಪ್ಪ ದಿನಾ ಬಂದು ಕೂರತೊಡಗಿದರು. ಮೇಜಿನ ಅದುರಾಟದಲ್ಲಿ ಅವರಿಗೆ ಮುಟ್ಟುತ್ತಿರುವುದು ಎಡಗೈ ಮಾತ್ರ ಎಂದು ನನಗೆ ಹೊಳೆದದ್ದು ಆಗಲೇ. ಆ ಎಡಗೈ ನನ್ನದಲ್ಲ, ಎಂದೋ ಯಾರೋ ಕಟ್ಟಿಟ್ಟದ್ದು. ತಿಂಗಳುಗಟ್ಟಲೆ ತಡಕಾಡಿ ನಾನು ಕಂಡುಕೊಂಡ ನನ್ನವೇ ಒಂದೆರಡು ಸಾಲುಗಳೆಲ್ಲ ಬಲಗೈಯಲ್ಲಿ, ಮೇಲಿನ ಸ್ವರಗಳಲ್ಲಿದ್ದವು. ಅವು ಅಪ್ಪನಿಗೆ ತಲುಪಲಿ ಎಂಬ ಆಸೆ ಈ ವಯಸ್ಸಿಗೆ ಹೇಳಿಕೊಳ್ಳುವಂಥದ್ದಲ್ಲ. ಆದರೂ ಇತ್ತು.

ಮೇಷ್ಟ್ರ ಮಾತು ಮೀರಿ ಎಡಗೈಯಲ್ಲೇ ಹೊಸದೇನನ್ನೋ ನುಡಿಸಲು ಹೋದೆ. ಓಟ ಅಲ್ಲಲ್ಲಿ ಮುರಿಯಿತು. ಅಪ್ಪ ಹುಬ್ಬು ಗಂಟಿಕ್ಕಿದರು.

"ನಿಲ್ಸು ಪುಟ್ಟಿ. ಬೆಲ್ಟ್ ಜಾರ್ತಾ ಇದೆ."

"ಬೆಲ್ಟಲ್ಲಪ್ಪ, ನನ್ನ ಕ್ರಿಯೇಟಿವಿಟಿ!" ಎಂದು ಅವರ ಕಿವಿಯ ಹತ್ತಿರ ಕೂಗಿದೆ.

"ಏನೋ ಒಂದು. ರಿಪೇರಿ ಮಾಡು."

ಅಡುಗೆಮನೆಯಲ್ಲಿ ಅಮ್ಮ ನಕ್ಕದ್ದು ನನಗೆ ಕೇಳಿಸಿತು.

ಮಾರನೆಯ ದಿನವೋ ಇನ್ನೂ ಸ್ವಲ್ಪ ತಡವಾಗಿಯೋ, ಎಡಗೈಯನ್ನು ಅದರ ಪಾಡಿಗೆ ಬಿಟ್ಟು ಬಲಗೈಯನ್ನೇ ಕೆಳಗಿಳಿಸಿದೆ, ಎರಡೂ ಹೆಬ್ಬೆರಳುಗಳು ತಾಗುವಷ್ಟು ಹತ್ತಿರಕ್ಕೆ. ಮೇಲೆ ಹಗುರವಾಗಿ ಕುಣಿಯುತ್ತಿದ್ದ ನನ್ನ ಸಾಲುಗಳು ಅಲ್ಲಿ ಕೆಸರಿಗೆ ಬಿದ್ದಂತೆ ಕಲಸಿಹೋದವು. ಸ್ವರಗಳನ್ನು ಕಡಿಮೆ ಮಾಡಿದೆ. ಉಳಿದವುಗಳ ನಡುವೆ ಜಾಗ ಬಿಟ್ಟೆ. ರೆಕಾರ್ಡಿನಲ್ಲಿರುವವರು ಯಾರೂ ಹಾಗೆ ನುಡಿಸಿದ್ದನ್ನು ನಾನು ಕೇಳಿಲ್ಲ. ಸರಿಯೋ ತಪ್ಪೋ, ಅಂತೂ ಅದು ನನ್ನದಾಯಿತು.

ಮೇಜಿನ ಮೇಲೆ ಅಪ್ಪನ ತೋರುಬೆರಳು ಎದ್ದಿತು. ಬಲಗೈ ಬಿಟ್ಟ ಜಾಗಗಳಲ್ಲಿ ಅದು ಮೆಲ್ಲಗೆ ತಟ್ಟುತ್ತಿತ್ತು. ಅಥವಾ ಹಾಗಿರಲೆಂದು ನಾನು ಬಯಸಿದ್ದನ್ನೇ ಈಗ ನೆನಪು ಅಂದುಕೊಳ್ಳುತ್ತಿರಬಹುದು. ಅವರು ಆಡಿದ ಮಾತಿನ ಬಗ್ಗೆ ಮಾತ್ರ ಅನುಮಾನವಿಲ್ಲ.

"ಪಕ್ಕದ ಮಿಷನ್ನೂ ಆನ್ ಮಾಡಿದ್ಯಾ?"

"ಹೂಂನಪ್ಪ!"

"ಹೊಸದಾ?"

"ಇಲ್ಲ, ಮೊದ್ಲಿಂದ್ಲೂ ಓಡ್ತಾನೇ ಇತ್ತು!"

ಅವರು ನನ್ನ ಬಲಗೈಯನ್ನೇ ನೋಡಿದರು, ಮೊದಲ ಬಾರಿ ಕಂಡವರಂತೆ. ಆಗ ನಾನು ಮೆಲ್ಲಗೆ ಒಂದು ಪ್ರಶ್ನೆ ಕೇಳಿದೆ. ಅಪ್ಪ ಅಂಗೈಯನ್ನು ಹಾಗೇ ಮೇಜಿಗೆ ಊರಿಕೊಂಡು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಕೇಳಿಸಲಿಲ್ಲವೋ, ಯೋಚಿಸುತ್ತಿದ್ದರೋ ಗೊತ್ತಿಲ್ಲ. ಅಷ್ಟು ಮೆಲ್ಲಗೆ ಕೇಳಿದ್ದನ್ನು ಇನ್ನೊಮ್ಮೆ ಕೂಗಿ ಕೇಳಲು ಇವತ್ತಿಗೂ ನನಗೆ ಬಾಯಿ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಹಾಗಾದ್ರೆ ಇಷ್ಟು ದಿನ ನನ್ನ ಬಲಗೈ ಏನು ಮಾಡ್ತಾ ಇದೆ ಅಂದ್ಕೊಂಡಿದ್ರಿ, ಅಪ್ಪಾ?"